ಎರಡೂವರೆ ಕಿಲೋದ ಮಕ್ಕಳು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಸವಿ ಒಂದೆರಡು ವರ್ಷ ಹಿಂದೆಮುಂದೆ ಆಗಿರಬಹುದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಟ್ಟಿರಬಹುದು. ಆ ದಿನಗಳಲ್ಲಿ ನಾನು ಡೈರಿ ಬರೆಯುತ್ತಿದ್ದೆ, ನಿಜ. ಆದರೆ ಈಗ ತೆಗೆದು ನೋಡಿದರೆ ಬಸ್ಸು ತಡವಾದದ್ದು, ತಲೆನೋವು, ಮಧ್ಯಾಹ್ನ ಕರೆಂಟು ಹೋದದ್ದು, ಇಂಥವೇ ಇವೆ. ಬರೆದಿಡಬೇಕಾಗಿದ್ದ ವಾರಗಳಲ್ಲಿ ಪುಟಗಳು ಖಾಲಿ. ಹಾಗಾಗಿ ನೆನಪನ್ನೇ ನಂಬಬೇಕು. ನನಗೆ ಅದರ ಮೇಲೆ ಅಷ್ಟೇನೂ ನಂಬಿಕೆಯಿಲ್ಲ.

ಚಳಿ ಶುರುವಾದ ಮೇಲೆ ಒಂದು ದಿನ ಅತ್ತೆಯ ಟ್ರಂಕಿನಿಂದ ರಗ್ಗು ತೆಗೆಯಲು ಹೋದೆ. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಈಗ ಕಲ್ಯಾಣ ನಗರದ ನಮ್ಮ ಮನೆಯಲ್ಲೇ ಇದ್ದಾರೆ. ಟ್ರಂಕಿನ ತಳಕ್ಕೆ ಹಳೆಯ ಕಂಪ್ಯೂಟರ್ ಹಾಳೆ ಹಾಸಿತ್ತು. ಎರಡೂ ಅಂಚಿನಲ್ಲಿ ತೂತುಗಳ ಸಾಲು, ನಡುವೆ ತೆಳು ಹಸಿರು ಪಟ್ಟಿಗಳು. ನುಸಿಗುಳಿಗೆಯ ವಾಸನೆಯ ಒಳಗಿನಿಂದ ಪ್ರಿಂಟರ್ ರಿಬ್ಬನ್ನಿನ ಜಿಡ್ಡು ವಾಸನೆ ಬಂತು, ಅಥವಾ ಬಂದಂತೆ ಅನ್ನಿಸಿತು. ಆ ಕಾಲದಲ್ಲಿ ಆಫೀಸಿನಲ್ಲಿ ಬೇಡವಾದ ಪ್ರಿಂಟುಗಳನ್ನು ನಾವೆಲ್ಲ ಮನೆಗೆ ತರುತ್ತಿದ್ದೆವು, ಶೆಲ್ಫಿಗೆ ಹಾಸಲು, ಅಕ್ಕಪಕ್ಕದ ಮಕ್ಕಳ ರಫ್ ಲೆಕ್ಕಕ್ಕೆ. ಅಂಕಿಗಳು ಮಾಸಿದ್ದವು. ಆದರೂ ಅದು ಯಾವ ಲೆಕ್ಕ ಎಂದು ಗೊತ್ತಾಯಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ... ಮೇಡಂ ನೆನಪಾದರು.

ತೊಂಬತ್ತರ ದಶಕದ ಕೊನೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೋಲಾರದಿಂದ ಬಂದು, ಮರ್ಫಿ ಟೌನಿನಲ್ಲಿ ಅತ್ತೆಯ ಜೊತೆ ಇದ್ದೆ. ಅತ್ತೆ ಹಲಸೂರು ಬಜಾರಿನ ಹಿಂದಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ನನಗೆ ಕೆಲಸ ಸಿಕ್ಕಿದ್ದು ಹಲಸೂರು ಕೆರೆಯ ಹತ್ತಿರ, ಹಳೆಯ ಬಾಡಿಗೆ ಬಂಗಲೆಯೊಂದರಲ್ಲಿದ್ದ ಆರೋಗ್ಯ ಸಂಶೋಧನೆಯ ಕಚೇರಿಯಲ್ಲಿ. ಮುಖ್ಯಸ್ಥರು ಒಬ್ಬ ಡಾಕ್ಟರು. ಲೆಕ್ಕದ ಕೆಲಸವೆಲ್ಲ ಮೇಡಂ ಕೈಯಲ್ಲಿ, ಅವರ ಕೈಕೆಳಗೆ ನಾನು.

ಮೇಡಂಗೆ ಆಗ ಮೂವತ್ತೈದರ ಆಸುಪಾಸು ಇರಬೇಕು. ನನಗೆ ಅವರು ತುಂಬ ಹಿರಿಯರಂತೆ ಕಾಣುತ್ತಿದ್ದರು. ಗಂಡ ಕಾರ್ಖಾನೆಯಲ್ಲಿದ್ದರು, ಮೇಡಂ ಕೆ.ಆರ್. ಪುರದ ಕಡೆಯ ಅದರ ಕ್ವಾರ್ಟರ್ಸಿನಿಂದ ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ. ಮಾತು ಕಡಿಮೆ, ಆಡಿದರೆ ಅದರಲ್ಲೊಂದು ಚುಚ್ಚು. ಕಂಪ್ಯೂಟರನ್ನು ಅವರು ‘ಅಳಿಯ’ ಎನ್ನುತ್ತಿದ್ದರು. ಅದು ನಿಂತುಹೋದರೆ, ಅಳಿಯನಿಗೆ ಕೋಪ ಬಂದಿದೆ, ಸ್ವಲ್ಪ ಹೊತ್ತು ಮಾತಾಡಿಸಬೇಡ ಅನ್ನುವರು. ಮಕ್ಕಳಿರಲಿಲ್ಲ. ಅದನ್ನು ನಾನು ಕೇಳಿ ತಿಳಿದದ್ದಲ್ಲ, ಹೇಗೋ ಗೊತ್ತಿತ್ತು.

ನಮ್ಮ ಕೆಲಸ ಇಷ್ಟು: ಪೂರ್ವ ಭಾಗದ ಕೆಲವು ಹೆರಿಗೆ ಆಸ್ಪತ್ರೆಗಳಲ್ಲಿ ಹಿಂದಿನ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ವಿವರ ಸೇರಿಸಿ, ಮೊದಲ ವಾರ ದಾಟದೆ ಹೋದ ಮಕ್ಕಳು ಯಾಕೆ ಹೋದರು ಎಂದು ನೋಡುವುದು. ಒಂದು ಹೆರಿಗೆಗೆ ಒಂದು ಕಾರ್ಡು, ಕಂಪ್ಯೂಟರಿನಲ್ಲಿ ಒಂದು ಸಾಲು. ಹೆಸರುಗಳಿರಲಿಲ್ಲ. ಆಸ್ಪತ್ರೆ, ಹೆರಿಗೆಯ ದಿನ, ತಾಯಿಯ ವಯಸ್ಸಿನ ಗುಂಪು, ಎಷ್ಟನೆಯ ಹೆರಿಗೆ, ತಿಂಗಳು ತುಂಬಿತ್ತೋ ಇಲ್ಲವೋ, ಮಗುವಿನ ತೂಕ. ಕೊನೆಯಲ್ಲಿ ಒಂದು ಅಥವಾ ಸೊನ್ನೆ. ಒಂದು ಎಂದರೆ ಮಗು ಹೋಯಿತು ಎಂದರ್ಥ.

ಇಂಥ ಹೌದು-ಇಲ್ಲದ ಪ್ರಶ್ನೆಗೆ ಮಾಡುವ ಲೆಕ್ಕಕ್ಕೆ ಲಾಜಿಸ್ಟಿಕ್ ರಿಗ್ರೆಶನ್ ಎನ್ನುತ್ತಾರೆ. ಇಂಥ ತಾಯಿ, ಇಂಥ ತೂಕ, ಹಾಗಿದ್ದರೆ ಮಗು ಹೋಗುವ ಸಂಭವ ಎಷ್ಟು ಎಂದು ಅದು ಅಂದಾಜು ಹೇಳುತ್ತದೆ. ಅಂದಾಜಿಗೂ ನಡೆದದ್ದಕ್ಕೂ ಇರುವ ಅಂತರವನ್ನು ಒಂದು ಅಳತೆಗೆ ತಂದದ್ದೇ ಉಳಿಕೆ. ಉಳಿಯುವ ಸಂಭವವೇ ಹೆಚ್ಚಾಗಿದ್ದ ಮಗು ಹೋದರೆ ಆ ಸಾಲಿನ ಉಳಿಕೆ ದೊಡ್ಡದಾಗಿ ಎದ್ದು ಕಾಣುತ್ತದೆ. ಡಾಕ್ಟರು ಹಾಕಿಕೊಂಡ ಯೋಜನೆ ಚೆನ್ನಾಗಿತ್ತು. ಉಳಿಕೆ ದೊಡ್ಡದಿರುವ ಹೆರಿಗೆಗಳನ್ನು ಆರಿಸಿ, ಆ ಆಸ್ಪತ್ರೆಗೂ ಮನೆಗೂ ಹೋಗಿ ಅವತ್ತು ಏನಾಯಿತು ಎಂದು ಕೇಳುವುದು. ಲೆಕ್ಕ ವಿವರಿಸಲಾರದ್ದನ್ನು ಜನ ವಿವರಿಸಲಿ ಎಂದು.

ಹಳೆಯ ಪ್ರೋಗ್ರಾಮಿನಲ್ಲಿ ಉಳಿಕೆಗಳನ್ನೆಲ್ಲ ತೆಗೆದಿಟ್ಟಿದ್ದೆವು. ಆಗ ಹೊಸ ವರ್ಶನ್ ಬಂತು, ಹೊಸ ಕಂಪ್ಯೂಟರಿನ ಜೊತೆಗೆ. ಅದೇ ಸಾಲುಗಳನ್ನು ಹಾಕಿ ಅದೇ ಲೆಕ್ಕ ಮಾಡಿಸಿದೆವು. ಅಂದಾಜುಗಳು ಚಾಚೂ ತಪ್ಪದೆ ಹೊಂದಿದವು. ಉಳಿಕೆಗಳು ಹೊಂದಲಿಲ್ಲ. ಹಳೆಯದರಲ್ಲಿ ಆರರ ಹತ್ತಿರ ಇದ್ದ ಒಂದು ಸಾಲಿನ ಉಳಿಕೆ ಹೊಸದರಲ್ಲಿ ಸೊನ್ನೆಯ ಪಕ್ಕ ಬಂದು ಕುಳಿತಿತ್ತು.

ಸಾಲು ತುಂಬಿಸುವಾಗ ನಾನೇ ತಪ್ಪು ಮಾಡಿದ್ದೇನೆ ಎಂದು ಡಾಕ್ಟರಿಗೆ ಅನುಮಾನ. ನನಗೂ ಅದೇ ಅನುಮಾನ. ಕಾರ್ಡುಗಳ ಕಟ್ಟು ಬಿಚ್ಚಿ ಒಂದೊಂದನ್ನೇ ಜೋರಾಗಿ ಓದುತ್ತ ತಾಳೆ ನೋಡಿದೆವು. ತಪ್ಪು ಸಿಗಲಿಲ್ಲ. ಮೇಡಂ ಹೊಸ ಪ್ರೋಗ್ರಾಮಿನ ದಪ್ಪ ಕೈಪಿಡಿ ಮನೆಗೆ ಒಯ್ದರು. ಮಾರನೆಯ ದಿನ ಬಂದು ಬ್ಯಾಗು ಇಡುವ ಮೊದಲೇ, ಉತ್ತರ ಸಿಕ್ಕಿತು ಎಂಬಂತೆ ನಕ್ಕರು.

“ಹಳೇ ಅಳಿಯ ಮನೆಗೆ ಬಂದ್ರೆ ಒಬ್ಬೊಬ್ರನ್ನೂ ಮಾತಾಡಿಸ್ತಾನೆ ಕಣಮ್ಮ. ಹೊಸಬ ಹಾಗಲ್ಲ. ಒಂದೇ ಥರ ಕಾಣೋರನ್ನೆಲ್ಲ ಒಟ್ಟಿಗೆ ನಿಲ್ಸಿ ಒಂದೇ ನಮಸ್ಕಾರ ಹಾಕಿ ಕೂತ್ಕೋತಾನೆ.”

ಇದಕ್ಕಿಂತ ಚೆನ್ನಾಗಿ ನಾನು ಇಂದಿಗೂ ಯಾರಿಗೂ ಹೇಳಿಕೊಟ್ಟಿಲ್ಲ. ಆಸ್ಪತ್ರೆ, ವಯಸ್ಸಿನ ಗುಂಪು, ಎಷ್ಟನೆಯ ಹೆರಿಗೆ, ತಿಂಗಳು, ತೂಕ ಎಲ್ಲ ಒಂದೇ ಆಗಿದ್ದ ಸಾಲುಗಳನ್ನು ಹೊಸ ವರ್ಶನ್ ಒಂದು ಗುಂಪು ಮಾಡುತ್ತಿತ್ತು. ನಲವತ್ತೋ ಐವತ್ತೋ ತಾಯಂದಿರು, ಎಲ್ಲರ ವಿವರವೂ ಒಂದೇ. ಅವರಲ್ಲಿ ಒಂದು ಮಗು ಹೋಗಬಹುದು ಎಂದು ಅಂದಾಜು. ಹೋಗಿದ್ದೂ ಒಂದೇ. ಹಾಗಾದರೆ ಏನೂ ಉಳಿಯಲಿಲ್ಲ. ಹಳೆಯದು ಹೋದ ಆ ಒಂದು ಮಗುವಿನ ಮುಂದೆ ನಿಂತು, ಇದು ಹೋಗಬಾರದಿತ್ತಲ್ಲ ಎನ್ನುತ್ತಿತ್ತು. ಎರಡೂ ಸರಿಯೇ. ಅದೇ ತೊಂದರೆ.

ಆದರೆ ಅಷ್ಟೊಂದು ಸಾಲುಗಳು ಒಂದೇ ಥರ ಹೇಗಾದವು? ವಯಸ್ಸು ಗುಂಪಿನಲ್ಲಿದೆ, ಸರಿ. ತೂಕ ಗ್ರಾಮಿನಲ್ಲಿ ಬರೆಯಬೇಕಾದದ್ದು. ನೋಡಿದರೆ, ಹಲಸೂರಿನ ಆ ಒಂದು ಆಸ್ಪತ್ರೆಯ ಕಾರ್ಡುಗಳಲ್ಲಿ ಕಟ್ಟುಗಟ್ಟಲೆ ಎರಡೂವರೆ ಕಿಲೋ, ಎರಡೂವರೆ ಕಿಲೋ. ಅದಕ್ಕಿಂತ ಕೊಂಚ ಕಡಿಮೆ ತೂಗಿದ ಮಗು ಅಲ್ಲಿ ಹುಟ್ಟೇ ಇಲ್ಲವೇನೋ ಎನ್ನುವಂತೆ.

ಅದು ಅತ್ತೆಯ ಆಸ್ಪತ್ರೆ.

ಅತ್ತೆ ಈ ವಿಷಯವನ್ನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ನಗುತ್ತ ಹೇಳಿದ್ದರು. ಮಗು ಹುಟ್ಟಿದ ಕೂಡಲೇ ಬಾಗಿಲಲ್ಲಿ ಬಾಣಂತಿಯ ಗಂಡನ ಮನೆಯವರು ನಿಂತಿರುತ್ತಾರೆ, ಮೊದಲ ಪ್ರಶ್ನೆ ಗಂಡೋ ಹೆಣ್ಣೋ, ಎರಡನೆಯದು ಎಷ್ಟು ತೂಕ. “ಎರಡು ಇನ್ನೂರು ಅಂದ್ಬಿಟ್ರೆ ಮುಗೀತು ಕಣೇ. ಹೊಟ್ಟೆಗೆ ಸರಿಯಾಗಿ ತಿಂದಿಲ್ಲ, ನಮ್ಮ ವಂಶದ ಮಗು ಹೀಗಿರಲ್ಲ ಅಂತ ಆ ಬಾಣಂತಿ ಮೇಲೆ ಬೀಳ್ತಾರೆ. ಹಸಿ ಮೈ, ಪಾಪ. ಎರಡೂವರೆ ಅಂದ್ರೆ ಎಲ್ಲರ ಬಾಯೂ ಬಂದ್.” ಹಾಗಾಗಿ ಎರಡೂವರೆ. ತಮಿಳಿನವರಿಗೆ ರೆಂಡರೈ, ಸಾಬರ ಮನೆಯವರಿಗೆ ಢಾಯಿ. ಅತ್ತೆ ಮೂರೂ ಭಾಷೆಯಲ್ಲಿ ಅದನ್ನು ಹೇಳಿ ತೋರಿಸುತ್ತಿದ್ದರು. ಬಾಯಲ್ಲಿ ಹೇಳಿದ್ದನ್ನೇ ಆಮೇಲೆ ಕಾರ್ಡಿಗೂ ಬರೆಯುತ್ತಿದ್ದರು ಎಂದು ನನಗೆ ಹೊಳೆದದ್ದು ಆಗ.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮೇಡಂಗೆ ಇದನ್ನು ಹೇಳಿದೆ, ಅತ್ತೆಯ ಹಾಗೆಯೇ ಮೂರು ಭಾಷೆಯಲ್ಲಿ. ನಗುತ್ತಾರೆ ಎಂದುಕೊಂಡಿದ್ದೆ. ಮೇಡಂ ಮೊಸರನ್ನ ಕಲಸುತ್ತಿದ್ದ ಕೈ ಹಾಗೇ ಇಟ್ಟುಕೊಂಡು, ನಿಮ್ಮತ್ತೆ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿದರು. ಶುರುವಿನಿಂದಲೂ ಎಂದೆ. ಊಟ ಬಿಟ್ಟೆದ್ದರೋ, ಮುಗಿಸಿದರೋ... ನೆನಪಿಲ್ಲ.

ಮಾರನೆಯ ದಿನ ಅವರು ಡಾಕ್ಟರ ಎದುರು ಕುಳಿತು, ಆ ಆಸ್ಪತ್ರೆಯ ತೂಕಗಳನ್ನು ನಂಬುವಂತಿಲ್ಲ, ಆದ್ದರಿಂದ ಆ ಗುಂಪೂ ನಿಜವಲ್ಲ, ಹೋದ ಮಗುವಿನ ವಿಷಯ ಅಲ್ಲಿಗೆ ಹೋಗಿ ಕೇಳಲೇಬೇಕು ಎಂದು ವಾದಿಸಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡಾಕ್ಟರು ಕೆಟ್ಟವರಲ್ಲ. ನರ್ಸೊಬ್ಬರು ಮನೆಯಲ್ಲಿ ಊಟ ಮಾಡುತ್ತ ಆಡಿದ ಮಾತು ಹಿಡಿದು ಆಸ್ಪತ್ರೆಯ ಮೇಲೆ ಹೋದರೆ ನಾಳೆ ಯಾವ ಆಸ್ಪತ್ರೆಯೂ ನಮಗೆ ಕಾರ್ಡು ಕೊಡುವುದಿಲ್ಲ ಎಂದರು. ಹೊಸ ವರ್ಶನ್ ಪ್ರಕಾರ ಆ ಗುಂಪಿನಲ್ಲಿ ವಿಶೇಷವೇನೂ ಇಲ್ಲ, ಹೊಸದನ್ನೇ ಇಟ್ಟುಕೊಳ್ಳೋಣ ಎಂದರು.

“ಒಂದು ಹೋಗ್ಬೇಕಿತ್ತು ಅಂತ ಲೆಕ್ಕ ಹೇಳುತ್ತೆ ಸರ್,” ಎಂದರು ಮೇಡಂ. “ಯಾವ್ದು ಅಂತ ಹೇಳಲ್ಲ.”

“ಅದನ್ನ ಯಾವ ಲೆಕ್ಕಾನೂ ಹೇಳಲ್ಲಮ್ಮ.”

ಅಂದು ಸಂಜೆ ಬಸ್‌ಸ್ಟಾಪಿಗೆ ಹೋಗುವಾಗ ಕೆರೆಯ ಬೇಲಿಯ ಪಕ್ಕ ಮೇಡಂ ನಿಧಾನ ಮಾಡಿದರು. ಆ ಸಾಲು ನಂದು ಕಣಮ್ಮ ಎಂದರು. ನಾನು ಅವರು ತುಂಬಿಸಿದ ಸಾಲು ಎಂದುಕೊಂಡೆ. ಅವರೇ ಬಿಡಿಸಿ ಹೇಳಿದರು, ಬೇರೆ ಯಾರದೋ ಕಾರ್ಡು ಓದುವ ದನಿಯಲ್ಲಿ. ಹೆರಿಗೆಯ ದಿನ ನೋಡಿ ಗುರುತಿಸಿದ್ದರಂತೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ. ಅವರ ತವರು ಹಲಸೂರು. ಕಾರ್ಖಾನೆಯ ದೊಡ್ಡ ಆಸ್ಪತ್ರೆ ಕ್ವಾರ್ಟರ್ಸಿನ ಬಳಿಯೇ ಇದ್ದರೂ ಪದ್ಧತಿಯಂತೆ ತಾಯಿಯ ಮನೆಗೆ ಬಂದು, ಬಜಾರಿನ ಹಿಂದಿನ ಆ ಆಸ್ಪತ್ರೆಗೆ ಸೇರಿದ್ದರು. ಮಗುವನ್ನು ಮೊದಲು ಎತ್ತಿಕೊಂಡ ಅವರ ತಾಯಿ, ಏನೇ ಇದು ಹೂವಿನ ಹಾಗಿದೆ, ಕೈಗೆ ಸಿಗ್ತಾನೇ ಇಲ್ಲ ಎಂದರಂತೆ. ನರ್ಸು ಎರಡೂವರೆ ಇದೆ, ಚೆನ್ನಾಗಿದೆ ಎಂದರು. ಮೇಡಂ ಗಂಡನ ತಾಯಿ ಸಮಾಧಾನದಿಂದ ನಕ್ಕರು. ಅಲ್ಲಿ ಎರಡೂವರೆಗಿಂತ ಕಡಿಮೆ ಇರುವ ಮಕ್ಕಳನ್ನು ನರ್ಸುಗಳ ಕೋಣೆಯ ಪಕ್ಕ, ಬಲ್ಬಿನ ಕಾವಿನಲ್ಲಿ ಮಲಗಿಸಿ ಮೇಲಿಂದ ಮೇಲೆ ನೋಡುತ್ತಿದ್ದರು. ಎರಡೂವರೆ ಇದ್ದರೆ ತಾಯಿಯ ಪಕ್ಕಕ್ಕೆ. ಚಳಿಗಾಲ. ಮೇಡಂಗೆ ನಿದ್ದೆ ಹತ್ತಿತ್ತು. ಎದ್ದಾಗ ಮಗು ತಣ್ಣಗಿತ್ತು.

“ತೂಕ ಸರಿಯಾಗಿದ್ರೆ ಅದು ನಲವತ್ತರಲ್ಲಿ ಒಂದು. ಯಾರ ತಪ್ಪೂ ಅಲ್ಲ. ನಂದೂ ಅಲ್ಲ,” ಎಂದರು. “ಅಷ್ಟು ಗೊತ್ತಾದ್ರೆ ಸಾಕು ನಂಗೆ.”

ತೂಕ ಸರಿಯಿಲ್ಲದಿದ್ದರೆ ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ನಾನು ಕರೆದಿದ್ದೆನೋ, ಅವರೇ ಬರುತ್ತೇನೆಂದರೋ. ಅತ್ತೆ ಮೊರದಲ್ಲಿ ನೆನೆಸಿದ ಅವರೆಕಾಳು ಹಾಕಿಕೊಂಡು ಹಿತುಕುತ್ತಿದ್ದರು. ಮೇಡಂ ಕೈ ತೊಳೆದುಕೊಂಡು ಎದುರಿಗೆ ಕುಳಿತು ತಾವೂ ಹಿತುಕತೊಡಗಿದರು. ಬೇಳೆ ಪುಟಪುಟನೆ ಪಾತ್ರೆಗೆ ಬೀಳುತ್ತಿತ್ತು. ನಿಮ್ಮ ಹುಡುಗಿ ಆಫೀಸಲ್ಲಿ ಕೆಲಸ ಮಾಡ್ತಾಳೋ ಬರೀ ಕಾಫಿ ಕುಡೀತಾಳೋ ಎಂದು ಅತ್ತೆ ನನ್ನನ್ನು ಹಂಗಿಸಿದರು. ಎರಡನ್ನೂ ಮಾಡ್ತಾಳೆ, ಕಾಫಿ ಒಂದು ಕೈ ಮೇಲು ಎಂದರು ಮೇಡಂ. ಇಬ್ಬರಿಗೂ ಒಳ್ಳೆಯ ಹೊಂದಿಕೆಯಾಯಿತಲ್ಲ ಎಂದು ನನಗೆ ಹಗುರವಾಯಿತು.

ಆಮೇಲೆ ಮೇಡಂ, ಏನೋ ಮಾತಿಗೆ ಮಾತು ಎನ್ನುವಂತೆ, ನಿಮ್ಮ ಆಸ್ಪತ್ರೆಯಲ್ಲಿ ಮಕ್ಕಳ ತಕ್ಕಡಿ ಎಲ್ಲಿಟ್ಟಿರ್ತೀರಿ ಎಂದು ಕೇಳಿದರು.

“ಆ ತುದೀಲಿ, ಆಫೀಸು ರೂಮಲ್ಲಿ. ಗಲಾಟೆ ಇದ್ದ ದಿನ ಅಲ್ಲೀತನಕ ಯಾರು ಹೋಗ್ತಾರೆ ಬಿಡಿ. ಇಷ್ಟು ವರ್ಷ ಎತ್ತಿದ ಕೈ ಇದು, ಎತ್ತಿದ್ರೆ ಗೊತ್ತಾಗುತ್ತೆ,” ಎಂದು ಅತ್ತೆ ಒದ್ದೆಯ ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರು.

ಮೇಡಂ ಆ ಕೈಯನ್ನೇ ನೋಡುತ್ತಿದ್ದರು. “ನನ್ ಮಗೂಗೂ ಎರಡೂವರೆ ಅಂದಿದ್ರಿ ನೀವು,” ಎಂದರು.

ಅತ್ತೆ ಯಾವ ವರ್ಷ ಎಂದು ಕೇಳಿದರು. ಮೇಡಂ ಹೇಳಿದರು. ಅತ್ತೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಹೆಣ್ಮಗು?” ಎಂದರು.

ಇಲ್ಲಿ ನಾನು ಹುಷಾರಾಗಿರಬೇಕು. ಅತ್ತೆ ಹಾಗೆ ಕೇಳಿದರು ಎಂದು ನನ್ನ ನೆನಪು. ಕೇಳಿದ್ದರೆ ಅವರಿಗೆ ಆ ಮಗುವಿನ ನೆನಪಿತ್ತು ಎಂದಾಗುತ್ತದೆ. ಅಥವಾ ಯಾರಾದರೂ ಕೇಳುವ ಮಾತೇ ಅದು. ಅಥವಾ ಅವರು ಏನೂ ಕೇಳಲೇ ಇಲ್ಲ, ನಾನು ಆಮೇಲಿನ ವರ್ಷಗಳಲ್ಲಿ ಆ ಮೌನಕ್ಕೆ ಒಂದು ಮಾತು ಸೇರಿಸಿಕೊಂಡಿದ್ದೇನೆ... ಮೇಡಂ ಹೌದು ಎಂದು ತಲೆಯಾಡಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಪ್ರಶ್ನೆಯೇ ಇಲ್ಲದೆ ಅವರು ಯಾಕೆ ತಲೆಯಾಡಿಸುತ್ತಿದ್ದರು?

ಅತ್ತೆ ಪಾತ್ರೆ ಎತ್ತಿಕೊಂಡು, ನೀರು ಕಾಯಕ್ಕೆ ಇಡಬೇಕು ಎಂದು ಒಳಗೆ ಹೋದರು. ಹೊರಗೆ ಬರಲಿಲ್ಲ. ಮೇಡಂ ಮೊರದಲ್ಲಿ ಉಳಿದ ಕಾಳನ್ನೆಲ್ಲ ಹಿತುಕಿ ಮುಗಿಸಿ, ಸಿಪ್ಪೆ ಒಂದು ಕಡೆ ಮಾಡಿ, ಬಚ್ಚಲಲ್ಲಿ ಕೈ ತೊಳೆದು, ನೀನು ಏಳಬೇಡ ಎಂದು ನನಗೆ ಸನ್ನೆ ಮಾಡಿ ಹೊರಟುಹೋದರು.

ಅದಾದ ಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಆದರೆ ದಿನಾ ಬೆಳಿಗ್ಗೆ ಮೇಡಂ, ನಿಮ್ಮತ್ತೆ ಹುಷಾರಾಗಿದಾರಾ ಎಂದು ಕೇಳುತ್ತಿದ್ದರು. ಸಂಜೆ ಅತ್ತೆ, ಆ ಮೇಡಂ ಇವತ್ತು ಬಂದಿದ್ರಾ ಎಂದು ಕೇಳುತ್ತಿದ್ದರು. ಇಬ್ಬರ ದನಿಯಲ್ಲೂ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಅತ್ತೆ ಆಸ್ಪತ್ರೆಯ ಕತೆ ಹೇಳುವುದನ್ನು ಬಿಟ್ಟರು. ಅಧ್ಯಯನದ ಮುಂದಿನ ಭಾಗಕ್ಕೆ ಹೊಸ ಹೆರಿಗೆಗಳ ಕಾರ್ಡುಗಳು ಬರುತ್ತಿದ್ದವು. ಹಲಸೂರಿನ ಕಟ್ಟು ಬಿಚ್ಚಿದರೆ ಎರಡು ಇನ್ನೂರು, ಎರಡು ಮುನ್ನೂರೈವತ್ತು, ಎರಡು ನಾನೂರು ಎಂದೆಲ್ಲ ಇದ್ದವು, ಅತ್ತೆಯ ದುಂಡು ಅಕ್ಷರದಲ್ಲಿ. ಮೇಡಂ ಒಂದು ಕಾರ್ಡು ಎತ್ತಿ ಬೆಳಕಿಗೆ ಹಿಡಿದು ನೋಡಿ ನನಗೆ ಕೊಟ್ಟರು. ನಾನು ಸಾಲು ತುಂಬಿಸಿದೆ.

ಮೊದಲ ಭಾಗದ ವರದಿ ಹೊಸ ವರ್ಶನ್ನಿನ ಲೆಕ್ಕದಲ್ಲೇ ಹೊರಬಂತು. ಹಲಸೂರಿನ ಆ ಗುಂಪು ಅಂದಾಜಿಗೆ ಚೆನ್ನಾಗಿ ಹೊಂದುತ್ತದೆ ಎಂದು ಅದರಲ್ಲಿತ್ತು. ಯಾರೂ ಯಾವ ಮನೆಗೂ ಹೋಗಿ ಆ ಮಗುವಿನ ವಿಷಯ ಕೇಳಲಿಲ್ಲ.

ಎರಡು ಸಾವಿರದ ಮೊದಲ ವರ್ಷಗಳಲ್ಲಿ ಮೇಡಂ ಅವರ ಗಂಡ ಸ್ವಯಂ ನಿವೃತ್ತಿ ತೆಗೆದುಕೊಂಡರು. ಕ್ವಾರ್ಟರ್ಸ್ ಬಿಟ್ಟು ಮೈಸೂರಿಗೆ ಹೋದರು. ಆಫೀಸಿನ ಕೊನೆಯ ದಿನವೂ ಮೇಡಂ, ನಿಮ್ಮತ್ತೆ ಹುಷಾರಾ ಎಂದೇ ಕೇಳಿ ಬಸ್ಸು ಹತ್ತಿದರು. ನಾನು ಆಮೇಲೆ ಗರುಡಾಚಾರ್‌ಪಾಳ್ಯದ ಕಂಪನಿಯೊಂದಕ್ಕೆ ಸೇರಿದೆ. ಔಷಧಿ ಪರೀಕ್ಷೆಗಳ ಲೆಕ್ಕ ಅಲ್ಲಿನ ಕೆಲಸ. ಹೊಸ ವರ್ಶನ್ ಬಂದಾಗಲೆಲ್ಲ ಹಳೆಯದನ್ನೂ ಪಕ್ಕದಲ್ಲಿ ಓಡಿಸಿ ಎರಡರ ಉಳಿಕೆಗಳನ್ನೂ ಸಾಲು ಸಾಲಾಗಿ ನೋಡುತ್ತಿದ್ದೆ. ಏನಕ್ಕ, ನಂಬಿಕೇನೇ ಇಲ್ವಾ ನಿಮ್ಗೆ ಎಂದು ಹುಡುಗರು ನಗುತ್ತಿದ್ದರು. ಎಲ್ಲಾದರೂ ಒಂದು ಸಾಲು ಗುಂಪಿನೊಳಗೆ ಸೇರಿ ಸುಮ್ಮನಾದದ್ದು ಕಂಡರೆ ಲೆಕ್ಕವನ್ನು ಮತ್ತೊಮ್ಮೆ ಓಡಿಸುತ್ತಿದ್ದೆ. ಯಾರೋ ಹಿಂದೆ ನಿಂತು ಪರದೆ ನೋಡುತ್ತಿದ್ದಾರೆ ಎನ್ನಿಸಿ ಎಷ್ಟೋ ಸಲ ತಿರುಗಿದ್ದೇನೆ. ಒಂದು ದಿನ ಡಾಕ್ಟರು ಫೋನ್ ಮಾಡಿ ಮೇಡಂ ಹೋಗಿಬಿಟ್ಟರು ಎಂದು ತಿಳಿಸಿದರು. ಏನಾಗಿತ್ತು ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅತ್ತೆಗೆ ಆ ಸುದ್ದಿಯನ್ನು ನಾನು ಇಷ್ಟು ವರ್ಷ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಟ್ರಂಕು ತೆಗೆದ ಆ ದಿನ ಹೇಳಿದೆ. ಅತ್ತೆ ಬಾಲ್ಕನಿಯ ಬಿಸಿಲಿನಲ್ಲಿ ಕುಳಿತಿದ್ದರು. ಜೊತೆಗೆ ಒಂದು ಪ್ರಶ್ನೆಯೂ ನಾಲಿಗೆಯ ಮೇಲಿತ್ತು, ಅದಕ್ಕೆ ಯಾವ ಉತ್ತರ ಬೇಕಾಗಿತ್ತೋ ನನಗೇ ತಿಳಿಯದು. ಹೌದು ಎಂದರೆ ಮೇಡಂ ಅಂದಂತೆ ಅದು ಯಾರ ತಪ್ಪೂ ಅಲ್ಲ. ಇಲ್ಲ ಎಂದರೆ, ಒಬ್ಬ ಬಾಣಂತಿಯನ್ನು ನಾಲ್ಕು ಮಾತಿನಿಂದ ಕಾಪಾಡಲು ಹೋದ ಕೈ... ಮುಂದೆ ಯೋಚಿಸಲಾಗಲಿಲ್ಲ. ಆದರೂ ಕೇಳಿದೆ.

ಅವರು ರಸ್ತೆಯ ಕಡೆ ನೋಡುತ್ತಿದ್ದರು. ಗ್ಯಾಸ್ ಬುಕ್ ಮಾಡಿದ್ಯೇನೇ ಎಂದರು. ಮಾಡಿದ್ದೇನೆ ಎಂದೆ. ಅವರ ಕಿವಿ ಚೆನ್ನಾಗಿಯೇ ಇದೆ. ಬೀದಿಯ ಕೊನೆಯಲ್ಲಿ ಹೂವಿನವಳು ಕೂಗಿದರೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಎಷ್ಟೋ ದಿನಗಳಾದವು. ನಾನು ಅವರ ಎದುರಿಗೆ ಕುಳಿತು ಕಾಫಿ ಕುಡಿಯುತ್ತೇನೆ. ಇಬ್ಬರೂ ಬೇರೆ ಎಲ್ಲವನ್ನೂ ಮಾತಾಡುತ್ತೇವೆ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅವತ್ತು ಆ ಮಗೂನ ತಕ್ಕಡಿ ಮೇಲೆ ಇಟ್ಟಿದ್ರಾ?”